ಓಡುವವರೂ ನಡೆಯುವವರೂ ಒಟ್ಟಿಗೆ ಮುಗಿಸಬೇಕಾದರೆ ಜಾಡು ಹೇಗೆ ಹಾಕಬೇಕು?

ಪ್ರಶ್ನೆ: ನಾವು 12 ಮನೆಯವರು ಸೇರಿ ವಾರಕ್ಕೊಮ್ಮೆ ಓಡುವ, ನಡೆಯುವ ಕೂಟ ಕಟ್ಟಿಕೊಂಡಿದ್ದೇವೆ. ಒಟ್ಟು 30 ಜನ. ಚೆನ್ನಾಗಿ ಓಡುವವರು 9 ಮಂದಿ. ಉಳಿದವರೆಲ್ಲ ನಡೆಯುವವರು, ಅವರಲ್ಲಿ ಐದಾರು ವರ್ಷದ ಮಕ್ಕಳಿದ್ದಾರೆ, 70 ದಾಟಿದ ಹಿರಿಯರಿದ್ದಾರೆ, ತಳ್ಳುಗಾಡಿಯಲ್ಲಿ ಕೂಸು ಕೂರಿಸಿಕೊಂಡು ಬರುವ ಒಬ್ಬ ತಾಯಿಯೂ ಇದ್ದಾರೆ. ಮೂರು ತಿಂಗಳಲ್ಲಿ ಕೂಟ ಎರಡು ಹೋಳಾಗಿದೆ. ಓಡುವವರು ಅರ್ಧ ಗಂಟೆ ಮೊದಲೇ ಮುಗಿಸಿ ಮನೆಗೆ ಹೊರಟುಬಿಡುತ್ತಾರೆ; ಹಿಂದೆ ಬರುವವರಿಗೆ ಮೈದಾನದಲ್ಲಿ ಯಾರೂ ಸಿಗುವುದಿಲ್ಲ. ಹಿಟ್ಟಿನ ಗುರುತು ಹಾಕಿ ಅದನ್ನು ಹುಡುಕುತ್ತಾ ಓಡುವ ಪದ್ಧತಿ ಇದೆಯಂತೆ. ಅದರಿಂದ ನಮ್ಮ ತೊಂದರೆ ತೀರುತ್ತದೆಯೇ? ಹೇಗೆ ಮಾಡಬೇಕು? ಮಳೆ ಬಂದರೆ ಏನು ಗತಿ?

ಉತ್ತರ: ತೀರುತ್ತದೆ, ಆದರೆ ಜಾಡನ್ನು ಲೆಕ್ಕ ಹಾಕಿ ಹಾಕಿದರೆ ಮಾತ್ರ. ಸುಮ್ಮನೆ ದಾರಿಯುದ್ದಕ್ಕೂ ಹಿಟ್ಟು ಚೆಲ್ಲಿಕೊಂಡು ಹೋದರೆ ಈಗ ಆಗುತ್ತಿರುವುದೇ ಆಗುತ್ತದೆ. ವೇಗದವರು ಹಿಟ್ಟು ನೋಡಿಕೊಂಡು ಇನ್ನೂ ಧೈರ್ಯವಾಗಿ ಮುಂದೆ ಓಡುತ್ತಾರೆ, ಅಷ್ಟೆ.

ಓಡುವವರಿಗೆ ‘ಸ್ವಲ್ಪ ನಿಧಾನ’ ಎಂದು ಹೇಳಿ ಗುಂಪನ್ನು ಒಟ್ಟಿಗೆ ಇಡಲು ಆಗುವುದಿಲ್ಲ. ಎರಡು ವಾರ ಕೇಳುತ್ತಾರೆ, ಮೂರನೇ ವಾರ ಕಾಲು ಕೇಳುವುದಿಲ್ಲ. ನಡೆಯುವವರಿಗೆ ‘ಬೇಗ ಬನ್ನಿ’ ಎಂದರೆ ಅವರು ಬರುವುದನ್ನೇ ಬಿಡುತ್ತಾರೆ. ಹಾಗಾಗಿ ಯಾರ ವೇಗವನ್ನೂ ಮುಟ್ಟಲು ಹೋಗಬೇಡಿ. ವೇಗದವರಿಗೆ ಹುಡುಕುವ ಕೆಲಸ ಕೊಡಿ. ಅವರು ಅತ್ತ ಇತ್ತ ಓಡಿ ಸರಿದಾರಿ ಕಂಡುಹಿಡಿಯುವಷ್ಟರಲ್ಲಿ ಹಿಂದಿನವರು ನಡೆದು ಬಂದು ಸೇರಿಕೊಳ್ಳುತ್ತಾರೆ. ಜಾಡು ಹಾಕುವ ವಿದ್ಯೆಯ ತಿರುಳು ಇಷ್ಟೇ.

ಪದ್ಧತಿ ಹಳೆಯದು. ಇಂಗ್ಲೆಂಡಿನ ಶ್ರೂಸ್‌ಬರಿ ಶಾಲೆಯಲ್ಲಿ ಹುಡುಗರು ಇಂಥ ಓಟ ಓಡುತ್ತಿದ್ದುದಕ್ಕೆ 1831ರಿಂದಲೇ ದಾಖಲೆ ಇದೆ. ಒಬ್ಬಿಬ್ಬರು ‘ಮೊಲ’ಗಳಾಗಿ ಕಾಗದದ ಚೂರು ಚೆಲ್ಲುತ್ತಾ ಮುಂದೆ ಓಡುವುದು, ಉಳಿದವರು ‘ಬೇಟೆನಾಯಿ’ಗಳಾಗಿ ಆ ಜಾಡು ಹಿಡಿಯುವುದು. 1938ರಲ್ಲಿ ಕೌಲಾಲಂಪುರದಲ್ಲಿ ಎ.ಎಸ್. ಗಿಸ್ಪರ್ಟ್ ಮತ್ತು ಗೆಳೆಯರು ಇದೇ ಆಟವನ್ನು ದೊಡ್ಡವರ ಸಂಜೆಯ ಓಟವನ್ನಾಗಿ ಮಾಡಿಕೊಂಡು ‘ಹ್ಯಾಶ್ ಹೌಸ್ ಹ್ಯಾರಿಯರ್ಸ್’ ಎಂದು ಹೆಸರಿಟ್ಟರು. ಇಂದು ಜಗತ್ತಿನ ನೂರಾರು ಊರುಗಳಲ್ಲಿ ಆ ಹೆಸರಿನ ಕೂಟಗಳಿವೆ. ಮೊದಲಿನ ಕೂಟದಲ್ಲಿ ಓಟದಷ್ಟೇ ಮುಖ್ಯವಾಗಿ ಬಿಯರ್ ಕೂಡ ಇತ್ತು. ಮಕ್ಕಳಿರುವ ಕೂಟಕ್ಕೆ ಆ ಭಾಗ ಬೇಡ. ತೆಗೆದುಕೊಳ್ಳಬೇಕಾದದ್ದು ಅವರ ಜಾಡಿನ ಭಾಷೆಯನ್ನು, ಜೊತೆಗೆ ಮೊದಲು ಬಂದವನಿಗೆ ಬಹುಮಾನ ಕೊಡದ ಅವರ ಹಟವನ್ನು.

ಮೊದಲು ಗುರುತುಗಳು. ಒಂದು ಹಿಡಿ ಹಿಟ್ಟು ಬಿದ್ದಿದ್ದರೆ ‘ಜಾಡು ಇಲ್ಲಿದೆ’ ಎಂದರ್ಥ. ಸುಮಾರು ಅರ್ಧ ಮೀಟರ್ ಅಗಲದ ವೃತ್ತ ಬರೆದಿದ್ದರೆ ಅದು ‘ಚೆಕ್’: ಜಾಡು ಇಲ್ಲಿಗೆ ನಿಂತಿದೆ, ಇಲ್ಲಿಂದ ಯಾವ ದಿಕ್ಕಿಗಾದರೂ ಹೋಗಿರಬಹುದು, ಹುಡುಕಿ ಎಂದು. ಚೆಕ್ ಬಿಟ್ಟ ಮೇಲೆ ಒಂದೇ ದಿಕ್ಕಿನಲ್ಲಿ ಸಾಲಾಗಿ ಮೂರು ಗುರುತು ಸಿಕ್ಕಿದರೆ ಅದೇ ನಿಜವಾದ ಜಾಡು. ಒಂದೋ ಎರಡೋ ಗುರುತು ಸಿಕ್ಕಿ ಆಮೇಲೆ ದಾರಿಗೆ ಅಡ್ಡವಾಗಿ ಮೂರು ಗೆರೆ ಎಳೆದಿದ್ದರೆ ಅದು ಸುಳ್ಳುಜಾಡು, ವಾಪಸ್ ಬರಬೇಕು. ಓಡುವವರೂ ನಡೆಯುವವರೂ ಬೇರೆಯಾಗುವ ಕಡೆ ‘ಓ’ ಮತ್ತು ‘ನ’ ಎಂದು ಬರೆದು ಬಾಣ ಹಾಕಿ. ಕೊಕ್ಕೆಯ ಚಿತ್ರ ಬರೆದು ಪಕ್ಕದಲ್ಲಿ 5 ಎಂದು ಬರೆದಿದ್ದರೆ, ಅಲ್ಲಿಗೆ ಮೊದಲು ಬಂದ 5 ಜನ ಹಿಂದಕ್ಕೆ ಓಡಿ, ಕಟ್ಟಕಡೆಯವರನ್ನು ಮುಟ್ಟಿ ಮತ್ತೆ ಮುಂದೆ ಬರಬೇಕು. ಇಷ್ಟು ಸಾಕು. ಮೊದಲ ನಾಲ್ಕಾರು ವಾರ ಇದಕ್ಕಿಂತ ಹೆಚ್ಚು ಚಿಹ್ನೆ ಸೇರಿಸಬೇಡಿ. ಮಕ್ಕಳು ಬೇಗ ಕಲಿಯುತ್ತಾರೆ, ತಡವರಿಸುವುದು ದೊಡ್ಡವರೇ. ಪ್ರತಿ ವಾರ ಹೊರಡುವ ಮುಂಚೆ ಎಲ್ಲ ಚಿಹ್ನೆಗಳನ್ನೂ ನೆಲದ ಮೇಲೆ ಬರೆದು ತೋರಿಸಿ, ಮಕ್ಕಳನ್ನು ಮುಂದೆ ನಿಲ್ಲಿಸಿ. ಎರಡು ನಿಮಿಷದ ಕೆಲಸ. ಹಳಬರೇ ಇದ್ದರೂ ಬಿಡಬೇಡಿ, ಏಕೆಂದರೆ ಹೊಸಬರು ‘ನನಗೆ ಗೊತ್ತಿಲ್ಲ’ ಎಂದು ಬಾಯಿಬಿಟ್ಟು ಕೇಳುವುದು ಕಡಿಮೆ.

ಇನ್ನು ಲೆಕ್ಕ. ನಿಮ್ಮ ಗುಂಪಿನಲ್ಲಿ ಮಕ್ಕಳು, ಹಿರಿಯರು ಇರುವುದರಿಂದ ನಡಿಗೆಯ ವೇಗ ಗಂಟೆಗೆ 4 ಕಿ.ಮೀ. ಎಂದು ಇಟ್ಟುಕೊಳ್ಳಿ. ಓಡುವವರು ಗಂಟೆಗೆ 9 ಕಿ.ಮೀ. ಎಂದುಕೊಳ್ಳೋಣ. ಒಂದು ಗಂಟೆಯ ಜಾಡಿಗೆ ನಡೆಯುವವರ ದಾರಿ 4 ಕಿ.ಮೀ. ಆಗಬೇಕು; ಅಷ್ಟೇ ಹೊತ್ತಿನಲ್ಲಿ ಓಡುವವರು 9 ಕಿ.ಮೀ. ಓಡಬಲ್ಲರು. ನಡುವಿನ 5 ಕಿ.ಮೀ. ಎಲ್ಲಿ ಕರಗಿಸುತ್ತೀರಿ ಎನ್ನುವುದೇ ಪ್ರಶ್ನೆ.

ಒಂದು ಪಾಲು ಸುತ್ತುದಾರಿಯಲ್ಲಿ ಕರಗುತ್ತದೆ. ನಡೆಯುವವರು ನೇರವಾಗಿ 500 ಮೀಟರ್ ಹೋಗುವ ಕಡೆ ಓಡುವವರನ್ನು 1,500 ಮೀಟರ್ ಸುತ್ತಿಸಿ ಅದೇ ಜಾಗಕ್ಕೆ ತನ್ನಿ. ನಡೆಯುವವರಿಗೆ ಏಳೂವರೆ ನಿಮಿಷ ಹಿಡಿಯುತ್ತದೆ, ಓಡುವವರಿಗೆ 10 ನಿಮಿಷ. ಅಂದರೆ ಕವಲಿನಲ್ಲಿ ಎರಡೂವರೆ ನಿಮಿಷ ಮುಂದಿದ್ದವರು ಕೂಡುವ ಜಾಗಕ್ಕೆ ಬರುವಾಗ ನಡೆಯುವವರ ಜೊತೆಗೇ ಇರುತ್ತಾರೆ. ಇಲ್ಲೇ ಹೆಚ್ಚಿನವರು ಎಡವುವುದು. ‘ಓಡುವವರಿಗೆ ಎರಡರಷ್ಟು ದೂರ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ. ಆದರೆ 9ನ್ನು 4ರಿಂದ ಭಾಗಿಸಿದರೆ ಎರಡೂಕಾಲು ಬರುತ್ತದೆ. 500 ಮೀಟರಿನ ಎರಡೂಕಾಲು ಪಟ್ಟು 1,125 ಮೀಟರ್. ಸುತ್ತು ಅಷ್ಟೇ ಇದ್ದರೆ ಮೊದಲಿದ್ದ ಅಂತರ ಹಾಗೆಯೇ ಉಳಿಯುತ್ತದೆ. ಎರಡರಷ್ಟೇ ಕೊಟ್ಟರೆ ಅಂತರ ಇನ್ನಷ್ಟು ಬೆಳೆಯುತ್ತದೆ! 1,125ನ್ನು ದಾಟಿದ ಪ್ರತಿ 100 ಮೀಟರಿಗೆ 40 ಸೆಕೆಂಡಿನಷ್ಟು ಅಂತರ ಕಡಿಮೆಯಾಗುತ್ತದೆ. ಒಮ್ಮೆ ನಿಮ್ಮವರ ನಿಜವಾದ ವೇಗವನ್ನು ಅಳೆದು ಈ ಪಟ್ಟನ್ನು ತೆಗೆದಿಟ್ಟುಕೊಂಡರೆ ಮುಂದೆ ಸುತ್ತುದಾರಿ ಹಾಕುವುದಕ್ಕೆಲ್ಲ ಅದೇ ಸಾಕು. ಇಂಥ ಸುತ್ತು ಎರಡು ಇಡಿ. ಆಗ ಓಡುವವರ ನಿಜವಾದ ಜಾಡು 6 ಕಿ.ಮೀ. ಆಗುತ್ತದೆ.

ಎರಡನೇ ಪಾಲು ಚೆಕ್‌ಗಳಲ್ಲಿ ಕರಗಬೇಕು. 4 ಕಿ.ಮೀ. ನಡಿಗೆಯ ಜಾಡಿಗೆ 5 ಚೆಕ್ ಹದವಾಗಿರುತ್ತವೆ. ಮೊದಲನೆಯದು ಹೊರಟ ಜಾಗದಿಂದ 500 ಮೀಟರಿನೊಳಗೇ ಇರಲಿ. 500 ಮೀಟರಿಗೆ ಓಡುವವರು 3 ನಿಮಿಷ 20 ಸೆಕೆಂಡಿನಲ್ಲಿ ಬರುತ್ತಾರೆ, ನಡೆಯುವವರು ಏಳೂವರೆ ನಿಮಿಷಕ್ಕೆ. ನಾಲ್ಕು ನಿಮಿಷ ಚಿಲ್ಲರೆ ಅಂತರ. ಒಂದು ಸುಳ್ಳುಜಾಡಿನಲ್ಲಿ 150 ಮೀಟರ್ ಹೋಗಿ ಬಂದರೆ 2 ನಿಮಿಷ ಕಳೆಯುತ್ತದೆ. ಎರಡು ದಿಕ್ಕು ತಪ್ಪಿದರೆ 4 ನಿಮಿಷ. ಅಷ್ಟು ಹೊತ್ತಿಗೆ ಮಕ್ಕಳು ಕೈ ಬೀಸಿಕೊಂಡು ಚೆಕ್ ತಲುಪಿರುತ್ತಾರೆ. ಅದೇ ಮೊದಲ ಚೆಕ್ಕನ್ನು 1 ಕಿ.ಮೀ. ದೂರಕ್ಕೆ ಇಟ್ಟರೆ ಅಂತರ ಎಂಟು ನಿಮಿಷ ದಾಟುತ್ತದೆ. ಯಾವ ಚೆಕ್ಕೂ ಅಷ್ಟು ಹೊತ್ತು ಹಿಡಿದು ನಿಲ್ಲಿಸಲಾರದು. ಮುಂದೆ ಸಿಕ್ಕಿದವರು ಮುಂದೆಯೇ, ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ. ಹೊಸ ಜಾಡುಗಳು ಕೆಡುವುದು ಬಹುತೇಕ ಈ ಮೊದಲ ಕಿಲೋಮೀಟರಿನಲ್ಲೇ. ಆಮೇಲಿನ ಚೆಕ್‌ಗಳು ಆರೇಳು ನೂರು ಮೀಟರಿಗೊಂದು ಇರಲಿ.

ಓಡುವವರೆಲ್ಲ ಪ್ರತಿ ಚೆಕ್‌ನಲ್ಲೂ ತಪ್ಪು ದಿಕ್ಕಿಗೆ ಹೋಗುವುದಿಲ್ಲ, ಮೂರರಲ್ಲಿ ಎರಡು ಸಲ ಹೋಗುತ್ತಾರೆ ಎಂದುಕೊಂಡರೂ ಒಬ್ಬೊಬ್ಬರಿಗೆ ಸುಮಾರು 1 ಕಿ.ಮೀ. ಹೆಚ್ಚಿಗೆ ಬೀಳುತ್ತದೆ. ಮೂರನೇ ಕಿಲೋಮೀಟರಿನ ಹತ್ತಿರ ಒಂದು ಕೊಕ್ಕೆ ಇಡಿ, ಹೋಗಿಬರಲು ಇನ್ನರ್ಧ ಕಿ.ಮೀ. ಕೂಡಿಸಿದರೆ ಏಳೂವರೆ ಕಿ.ಮೀ., 50 ನಿಮಿಷದ ಓಟ. ಚೆಕ್‌ನಲ್ಲಿ ಕಣ್ಣಾಡಿಸುತ್ತಾ ನಿಲ್ಲುವುದು, ನೀರಿಗೆ ಕಾಯುವುದು ಎಲ್ಲ ಸೇರಿದರೆ ಒಂದು ಗಂಟೆ ದಾಟುತ್ತದೆ. ಕೊನೆಗೆ ಮೊದಲಿಗರಿಗೂ ಕಡೆಯವರಿಗೂ ಐದು ನಿಮಿಷದ ಅಂತರ ಉಳಿದರೆ ಜಾಡು ಚೆನ್ನಾಗಿ ಬಿದ್ದಿದೆ ಎಂದೇ ಅರ್ಥ. ನಿಮ್ಮ ಓಡುವವರಿಗೂ ನಷ್ಟವಿಲ್ಲ, ಅವರ ಏಳೂವರೆ ಕಿ.ಮೀ. ಅವರಿಗೆ ಸಿಕ್ಕಿತು.

ಚೆಕ್ ಎಲ್ಲಿ ಇಡಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಕಾಲಿನ ವಿಷಯವಲ್ಲ, ಪ್ರಾಣದ ವಿಷಯ. ಚೆಕ್ ಕಂಡ ಕೂಡಲೇ ಗುಂಪು ಚದುರುತ್ತದೆ. ಹತ್ತು ಜನ ಹತ್ತು ಕಡೆಗೆ, ಕಣ್ಣು ನೆಲದಲ್ಲಿ ನೆಟ್ಟು ಓಡುತ್ತಾರೆ. ಮಕ್ಕಳಂತೂ ಹಿಟ್ಟು ಬಿಟ್ಟು ಬೇರೇನೂ ನೋಡುವುದಿಲ್ಲ. ಆದ್ದರಿಂದ ವಾಹನ ಓಡಾಡುವ ರಸ್ತೆ, ರೈಲು ಹಳಿ, ಕೆರೆ, ಕಾಲುವೆ, ತೆರೆದ ಬಾವಿ, ಕಲ್ಲುಗಣಿ ಇವುಗಳಿಂದ ಚೆಕ್ ಕನಿಷ್ಠ 250 ಮೀಟರ್ ದೂರ ಇರಬೇಕು. 150 ಮೀಟರ್ ಹುಡುಕಾಟದ್ದು, ಉಳಿದ 100 ಮೀಟರ್ ತಪ್ಪಿ ಮುಂದೆ ಹೋದವರಿಗೆ. ಅಷ್ಟು ಜಾಗ ಸಿಗದಿದ್ದರೆ ಅಲ್ಲಿ ಚೆಕ್ ಬೇಡ, ನೇರ ಜಾಡು ಹಾಕಿ. ರಸ್ತೆ ದಾಟಲೇಬೇಕಾದರೆ ಒಂದೇ ಕಡೆ ದಾಟಿಸಿ. ದಾಟುವ ಮುಂಚಿನ ಗುರುತು ಮತ್ತು ದಾಟಿದ ಮೇಲಿನ ಗುರುತು ಎರಡೂ ನಿಂತ ಕಡೆಯಿಂದಲೇ ಕಾಣುವಂತಿರಲಿ. ಅಲ್ಲಿ ದೊಡ್ಡವರೊಬ್ಬರನ್ನು ಕಡೆಯವರು ದಾಟುವ ತನಕ ನಿಲ್ಲಿಸಿ. ಸುಳ್ಳುಜಾಡನ್ನು ಯಾರದೋ ಹೊಲ, ತೋಟ, ಮನೆಯಂಗಳದ ಕಡೆಗೆ ಹಾಕಬೇಡಿ.

ಚೆಕ್‌ಗೆ ಮೂರು ನಾಲ್ಕು ದಾರಿ ಕೂಡುವ ಜಾಗ ಒಳ್ಳೆಯದು. ಒಂದರಲ್ಲಿ ನಿಜವಾದ ಜಾಡು, ಒಂದರಲ್ಲಿ ಸುಳ್ಳುಜಾಡು, ಉಳಿದವು ಖಾಲಿ. ಖಾಲಿ ದಾರಿಯಲ್ಲಿ 150 ಮೀಟರ್ ಹೋದರೂ ಏನೂ ಕಾಣದಿದ್ದರೆ ವಾಪಸ್ ಬರಬೇಕು ಎಂಬುದು ನಿಯಮ. ನಿಜವಾದ ಜಾಡಿನ ಮೂರು ಗುರುತುಗಳನ್ನು 50 ಮೀಟರಿಗೊಂದರಂತೆ ಆ 150 ಮೀಟರಿನೊಳಗೇ ಮುಗಿಸುವುದು ಹಾಕುವವರ ಜವಾಬ್ದಾರಿ. 200 ಮೀಟರಿಗೆ ಮೊದಲ ಗುರುತು ಹಾಕಿ ‘ಹುಡುಕಲಿ, ಮಜಾ ಇರುತ್ತೆ’ ಎನ್ನುವವರು ಇದ್ದಾರೆ. ಮಜಾ ಇರುವುದಿಲ್ಲ. ಎಲ್ಲ ದಿಕ್ಕಿನಿಂದಲೂ ಬರಿಗೈಯಲ್ಲಿ ವಾಪಸ್ ಬಂದ ಗುಂಪು ಹದಿನೈದು ನಿಮಿಷ ಬಿಸಿಲಿನಲ್ಲಿ ನಿಲ್ಲುತ್ತದೆ, ಮಕ್ಕಳು ಅಳುತ್ತಾರೆ, ಮುಂದಿನ ವಾರ ಎರಡು ಮನೆಯವರು ಬರುವುದಿಲ್ಲ.

ಕೂಗುವುದಕ್ಕೂ ಕ್ರಮವಿದೆ. ಹಿಂದಿನವರು ‘ಸಿಕ್ತಾ?’ ಎಂದು ಕೇಳಬೇಕು. ಹುಡುಕುತ್ತಿರುವವರು ‘ಹುಡುಕ್ತಿದೀನಿ’ ಎನ್ನಬೇಕು. ಮೂರನೇ ಗುರುತು ಕಂಡವರು ಮಾತ್ರ ‘ಆನ್ ಆನ್!’ ಎಂದು ಕೂಗಬೇಕು. ಹ್ಯಾಶ್ ಕೂಟಗಳ ಈ ಕೂಗು ಎಲ್ಲ ಕಡೆಯೂ ನಡೆಯುತ್ತದೆ, ‘ಜಾಡು ಸಿಕ್ತು’ ಎಂದರೂ ಆಗುತ್ತದೆ. ಒಂದೇ ಗುರುತು ಕಂಡು ಕೂಗಿಬಿಟ್ಟರೆ ಇಡೀ ಗುಂಪು ಸುಳ್ಳುಜಾಡಿಗೆ ಬೀಳುತ್ತದೆ. ಓಡುವವರಿಗೆ ಪರವಾಗಿಲ್ಲ, ಮೊಣಕಾಲು ನೋವಿರುವ ಹಿರಿಯರಿಗೆ 300 ಮೀಟರ್ ದಂಡ.

ಇನ್ನೊಂದು ಸಣ್ಣ ಕೆಲಸವಿದೆ, ಎಲ್ಲರೂ ಮರೆಯುವುದು ಇದನ್ನೇ: ವೃತ್ತ ಒಡೆಯುವುದು. ನಿಜವಾದ ಜಾಡು ಸಿಕ್ಕ ಮೇಲೆ ಚೆಕ್‌ನ ವೃತ್ತವನ್ನು ಜಾಡಿನ ದಿಕ್ಕಿನಲ್ಲಿ ಕಾಲಿನಿಂದ ಎಳೆದು ಒಡೆಯಬೇಕು. ಹಿಮ್ಮಡಿ ಊರಿ ವೃತ್ತದ ನಡುವಿನಿಂದ ಹೊರಕ್ಕೆ ಒಂದೆಳೆತ ಎಳೆದರೆ ಹಿಟ್ಟು ಬಾಣದ ಹಾಗೆ ಮುಂದಕ್ಕೆ ಬಳಿದುಕೊಳ್ಳುತ್ತದೆ. ತಡವಾಗಿ ಬಂದವರು ನೋಡಿದ ಕೂಡಲೇ ಆ ಕಡೆ ನಡೆಯುತ್ತಾರೆ; ನಿಲ್ಲುವ ಹಾಗಿಲ್ಲ, ಹುಡುಕುವ ಹಾಗಿಲ್ಲ. ವೇಗದವರು ಬೆವರು ಸುರಿಸಿ ಕಂಡುಹಿಡಿದದ್ದರ ಲಾಭ ನಿಧಾನದವರಿಗೆ ದಾಟುವುದು ಈ ಒಂದು ಎಳೆತದಲ್ಲಿ. ಒಡೆಯದೆ ಬಿಟ್ಟರೆ ಕಡೆಯವರೂ ಹುಡುಕಬೇಕಾಗುತ್ತದೆ, ಚೆಕ್ ಮಾಡಿದ ಉಪಕಾರವೆಲ್ಲ ತಿರುಗುಮುರುಗು. ಏಕೆ ಮರೆಯುತ್ತಾರೆ ಎಂದರೆ, ಕಂಡುಹಿಡಿದವರು ಆಗಲೇ 150 ಮೀಟರ್ ಮುಂದಿರುತ್ತಾರೆ. ವಾಪಸ್ ಬಂದು ಒಡೆಯುವ ಮನಸ್ಸು ಯಾರಿಗೂ ಇರುವುದಿಲ್ಲ. ಹಾಗಾಗಿ ಕಂಡುಹಿಡಿದವರಿಗೆ ಈ ಕೆಲಸ ವಹಿಸಬೇಡಿ. ಕೂಗು ಕೇಳಿದಾಗ ಚೆಕ್‌ನ ಹತ್ತಿರ ಯಾವ ಮಗು ಇರುತ್ತದೋ ಆ ಮಗುವಿನ ಹಕ್ಕು ಅದು ಎಂದು ಸಾರಿಬಿಡಿ. ಆಮೇಲೆ ಒಂದು ವೃತ್ತವೂ ಉಳಿಯುವುದಿಲ್ಲ. ಮಕ್ಕಳಿಗೆ ‘ನಾವು ಹಿಂದೆ ಬಿದ್ದವರು’ ಎಂಬ ಭಾವನೆ ಹೋಗಿ, ಚೆಕ್‌ಗೆ ಬೇಗ ತಲುಪಬೇಕು ಎಂಬ ಆಸೆ ಹುಟ್ಟುತ್ತದೆ. ಐದು ವರ್ಷದ ಮಗು ಎತ್ತಿಕೊಳ್ಳಿ ಎನ್ನದೆ 4 ಕಿ.ಮೀ. ನಡೆಯುವುದು ಇಂಥ ಆಸೆಯಿಂದಲೇ.

ಹಿಟ್ಟು ಎಷ್ಟು ಬೇಕು? ಓಡುವವರ ನಿಜವಾದ ಜಾಡು 6 ಕಿ.ಮೀ., ಸುತ್ತಿನ ಪಕ್ಕದ ನಡಿಗೆಯ ದಾರಿ 1 ಕಿ.ಮೀ., ಸುಳ್ಳುಜಾಡುಗಳು ಅರ್ಧ ಕಿ.ಮೀ. ಒಟ್ಟು ಏಳೂವರೆ. ಸರಾಸರಿ 40 ಮೀಟರಿಗೊಂದು ಗುರುತು ಎಂದರೆ 190ರಷ್ಟಾಯಿತು. ಒಂದಕ್ಕೆ 20 ಗ್ರಾಂ ಹಿಟ್ಟಿನಂತೆ 3.8 ಕೆ.ಜಿ. ವೃತ್ತ, ಬಾಣಗಳಿಗೆ ಸೇರಿಸಿ 5 ಕೆ.ಜಿ. ಇಟ್ಟುಕೊಳ್ಳಿ. ಹುಳ ಬಿದ್ದ, ಹಳೆಯದಾದ ಮೈದಾ ಆದರೂ ಆದೀತು, ಬೆಳ್ಳಗಿರಬೇಕು ಅಷ್ಟೆ. ನೇರವಾದ, ಕಣ್ಣಿಗೆ ನಿಲುಕುವ ದಾರಿಯಲ್ಲಿ 60 ಮೀಟರಿಗೊಂದು ಸಾಕು. ಮರಗಿಡ ದಟ್ಟವಾಗಿರುವ ಕಡೆ 20 ಮೀಟರಿಗೊಂದು ಬೇಕು. ತಿರುವಿನಲ್ಲಿ ತಿರುಗುವ ಮುಂಚೆ ಒಂದು, ತಿರುಗಿದ ಕೂಡಲೇ ಒಂದು. ಸುಣ್ಣದ ಪುಡಿ ಮಾತ್ರ ಬೇಡವೇ ಬೇಡ. ಅಗ್ಗ, ಬೆಳ್ಳಗೆ ಎದ್ದು ಕಾಣುತ್ತದೆ ನಿಜ. ಆದರೆ ಗಾಳಿಗೆ ಹಾರಿ ಕಣ್ಣಿಗೆ ಬಿದ್ದರೆ ಸುಡುತ್ತದೆ, ಒದ್ದೆ ಚರ್ಮಕ್ಕೂ ಹಾನಿ. ಮಕ್ಕಳು ಗುರುತನ್ನು ಕೈಯಿಂದ ಮುಟ್ಟಿಯೇ ಮುಟ್ಟುತ್ತಾರೆ. ಕಾಗದದ ಚೂರು, ಪ್ಲಾಸ್ಟಿಕ್ ಪಟ್ಟಿ ಕೂಡ ಬೇಡ, ಅದು ಕಸ.

ಹಾಕುವಾಗ ಹಿಟ್ಟನ್ನು ಹೆಗಲಿಗೆ ಅಡ್ಡ ಹಾಕಿದ ಬಟ್ಟೆಚೀಲದಲ್ಲಿ ಇಟ್ಟುಕೊಳ್ಳಿ. ಸೊಂಟದ ಎತ್ತರದಿಂದ ಒಂದು ಚಿಕ್ಕ ಹಿಡಿ ಬಿಟ್ಟರೆ ಅಂಗೈಯಗಲ ಹರಡಿಕೊಳ್ಳುತ್ತದೆ. ಗಾಳಿ ಇದ್ದರೆ ಬಗ್ಗಿ ಮೊಣಕಾಲಿನ ಮಟ್ಟದಿಂದ ಬಿಡಿ, ಇಲ್ಲದಿದ್ದರೆ ಬಿದ್ದದ್ದಕ್ಕಿಂತ ಹಾರಿದ್ದೇ ಹೆಚ್ಚು. ಕೈ ಬೆವರಿದರೆ ಹಿಟ್ಟು ಬೆರಳಿಗೆ ಅಂಟಿ ಉಂಡೆಯಾಗುತ್ತದೆ. ಒಂದು ಒಣಬಟ್ಟೆ ಜೊತೆಗಿರಲಿ. ಹುಲ್ಲಿರುವ ಕಡೆ ನೆಲಕ್ಕೆ ಹಾಕಿದರೆ ಹತ್ತು ಹೆಜ್ಜೆಯಿಂದಲೂ ಕಾಣುವುದಿಲ್ಲ. ಮರದ ಬುಡಕ್ಕೆ, ಕಲ್ಲಿನ ಮೇಲೆ, ಕಂಬದ ಕಾಲಿಗೆ, ನೆಲದಿಂದ ಒಂದೆರಡು ಅಡಿ ಮೇಲೆ ಬೀಸಿ ಎಸೆಯಿರಿ, ಬರುವವರ ಕಡೆಗೆ ಮುಖ ಮಾಡಿರುವ ಬದಿಗೆ. ಮುಗಿಯುವ ಜಾಗದಿಂದ ಹೊರಡುವ ಜಾಗಕ್ಕೆ ಹಿಂದುಮುಂದಾಗಿ ಜಾಡು ಹಾಕಿಕೊಂಡು ಬರುವವರು ಇಲ್ಲೇ ತಪ್ಪುತ್ತಾರೆ: ತಮಗೆ ಕಾಣುವ ಬದಿಗೆ ಹಾಕುತ್ತಾರೆ, ಓಡಿ ಬರುವವರಿಗೆ ಮರದ ಬೆನ್ನು ಮಾತ್ರ ಕಾಣುತ್ತದೆ. ಮುಂದುಮುಂದಕ್ಕೆ ಹಾಕಿಕೊಂಡು ಹೋಗುವುದೇ ಮೇಲು.

ಬಗ್ಗುತ್ತಾ, ಬರೆಯುತ್ತಾ ಹೋದರೆ ಏಳೂವರೆ ಕಿ.ಮೀ. ಜಾಡಿಗೆ ಎರಡೂವರೆ ಗಂಟೆ ಬೇಕು. ಓಟಕ್ಕೆ ಮೂರು ಗಂಟೆ ಮುಂಚೆ ಶುರು ಮಾಡಿ, ಇಬ್ಬರು ಹೋಗಿ. ಹಿಂದಿನ ರಾತ್ರಿಯೇ ಹಾಕಿಡುವ ಉಪಾಯ ಬೇಡ; ಇಬ್ಬನಿಗೆ ಹಿಟ್ಟು ಅಂಟಾಗುತ್ತದೆ, ನಾಯಿ, ಹಕ್ಕಿ, ಇರುವೆ ಸೇರಿ ಬೆಳಗಾಗುವಷ್ಟರಲ್ಲಿ ಅಲ್ಲಲ್ಲಿ ಜಾಡನ್ನು ಅಳಿಸಿರುತ್ತವೆ. ಬೆಳಿಗ್ಗೆ ಕಸ ಗುಡಿಸುವವರಿದ್ದರೆ ಅವರಿಗೆ ಮೊದಲೇ ಹೇಳಿಡಿ. ಜಾಗದ ಉಸ್ತುವಾರಿಯವರಿಗೂ, ಕಾವಲಿನವರಿಗೂ ಹೇಳದೆ ಬಿಳಿಪುಡಿ ಚೆಲ್ಲಬೇಡಿ. 2007ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಅಂಗಡಿಯೊಂದರ ವಾಹನ ನಿಲ್ದಾಣದಲ್ಲಿ ಹೀಗೆ ಹಾಕಿದ ಹಿಟ್ಟನ್ನು ವಿಷದ ಪುಡಿ ಎಂದುಕೊಂಡು ಜನರನ್ನು ಹೊರಗೆ ಕಳಿಸಿ, ಪೊಲೀಸರು ಬಂದು, ಜಾಡು ಹಾಕಿದ ಇಬ್ಬರ ಮೇಲೆ ಮೊಕದ್ದಮೆಯೂ ಆಯಿತು. ನಿಲ್ದಾಣ, ದೊಡ್ಡ ಅಂಗಡಿ, ಸರ್ಕಾರಿ ಕಚೇರಿಗಳ ಸುತ್ತಮುತ್ತ ಜಾಡು ಬೇಡ.

ಹಾಕುವ ಮುಂಚೆ ದಾರಿಯನ್ನು ಎರಡು ಸಲ ನಡೆದು ನೋಡಿರಬೇಕು. ಒಂದು ಸಲವಾದರೂ ನಿಮ್ಮ ಕೂಟದ ಅತಿ ಚಿಕ್ಕ ಮಗುವಿನ ಜೊತೆ, ಓಟ ನಡೆಯುವ ಹೊತ್ತಿಗೇ. ದೊಡ್ಡವರು ಎರಡು ಹೆಜ್ಜೆಯಲ್ಲಿ ದಾಟುವ ಕೊರಕಲು ಮಗುವಿಗೆ ಹಳ್ಳ. ಬೆಳಿಗ್ಗೆ ಏಳಕ್ಕೆ ನೆರಳಿದ್ದ ದಾರಿ ಒಂಬತ್ತಕ್ಕೆ ಸುಡುತ್ತಿರುತ್ತದೆ.

ನೀರಿಗೆ ನಿಲ್ಲುವ ಜಾಗ ಎರಡು ಇರಲಿ, ಒಂದೂವರೆ ಕಿ.ಮೀ.ಗೆ ಒಂದು, ಎರಡೂಮುಕ್ಕಾಲಿಗೆ ಒಂದು. ಇಲ್ಲಿ ನಡೆಯುವ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಓಡುವವರು ಐದು ನಿಮಿಷ ಮುಂಚೆ ಬಂದು ಕೂತು ದಣಿವಾರಿಸಿಕೊಳ್ಳುತ್ತಾರೆ. ಕಡೆಯವರು ಏದುಸಿರು ಬಿಡುತ್ತಾ ಬಂದ ಕ್ಷಣ ‘ಎಲ್ಲರೂ ಬಂದ್ರಲ್ಲ, ಹೊರಡೋಣ’ ಎನ್ನುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ಒಂದು ನಿಮಿಷವೂ ಸಿಗುವುದಿಲ್ಲ. ನಿಯಮ ಹೀಗಿರಲಿ: ಕಟ್ಟಕಡೆಯವರು ಬಂದು ನೀರಿನ ಲೋಟ ಕೈಗೆ ತೆಗೆದುಕೊಂಡ ಮೇಲೆ ಗಡಿಯಾರ ನೋಡಿ ಮೂರು ನಿಮಿಷ. ಮೊದಲು ಹೊರಡುವುದೂ ನಡೆಯುವವರೇ. ಓಡುವವರು ಒಂದು ನಿಮಿಷ ಬಿಟ್ಟು ಹೊರಡಲಿ.

ಜಾಡು ಗೊತ್ತಿರುವ ಇಬ್ಬರಲ್ಲಿ ಒಬ್ಬರು ನಡುವಿನಲ್ಲಿ ಇರಬೇಕು, ಇನ್ನೊಬ್ಬರು ಎಲ್ಲರಿಗಿಂತ ಹಿಂದೆ, ಕಡೆಯಾಳಾಗಿ. ಕಡೆಯಾಳು ಯಾರನ್ನೂ ಅವಸರ ಮಾಡದ ಮನುಷ್ಯನಾಗಿರಬೇಕು. ಅವರ ಕೈಯಲ್ಲಿ ಹೊರಟವರ ಪಟ್ಟಿ, ಸೀಟಿ, ಫೋನು, ನೀರು, ಪಟ್ಟಿಬಟ್ಟೆ. ಹೊರಡುವಾಗ ಹೆಸರು ಬರೆದವರೆಲ್ಲ ಮುಗಿಸಿದ ಮೇಲೆ ಹೆಸರು ಹೊಡೆಸಿಕೊಂಡೇ ಮನೆಗೆ ಹೋಗಬೇಕು. ಹೇಳದೆ ಮನೆಗೆ ಹೋದ ಒಬ್ಬರಿಗಾಗಿ ಇಪ್ಪತ್ತು ಜನ ಕತ್ತಲಾಗುವವರೆಗೆ ಹುಡುಕುವ ಸ್ಥಿತಿ ಬರಬಾರದು. ಪ್ರತಿ ಮಗುವಿನ ಜೊತೆಗೂ ಇಂಥವರೇ ಎಂದು ಹೆಸರು ಹೇಳಿ ಗೊತ್ತುಮಾಡಿದ ಒಬ್ಬ ದೊಡ್ಡವರಿರಲಿ; ‘ಎಲ್ಲರೂ ನೋಡ್ಕೋತಾರೆ’ ಎಂದರೆ ಯಾರೂ ನೋಡುತ್ತಿಲ್ಲ ಎಂದರ್ಥ.

ದಾರಿ ತಪ್ಪಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಒಂದೇ ಮಾತು ಕಲಿಸಿ: ಕೊನೆಯ ಗುರುತಿಗೆ ವಾಪಸ್ ಹೋಗಿ, ಅಲ್ಲೇ ನಿಲ್ಲು. ಕಡೆಯಾಳು ಜಾಡಿನ ಮೇಲೆಯೇ ಬರುವುದರಿಂದ ಸಿಕ್ಕೇ ಸಿಗುತ್ತಾರೆ. ಸುತ್ತುದಾರಿಗೂ ಕೊನೆಯಲ್ಲಿ ಒಬ್ಬರು ಬೇಕು. ಓಡುವ 9 ಮಂದಿಯಲ್ಲಿ ಒಬ್ಬರು ಆ ವಾರ ಅಲ್ಲಿಯ ಕಡೆಯಾಳು. ಇದೇ ಕಾರಣಕ್ಕೆ ಅಡ್ಡದಾರಿ ಹಿಡಿಯುವುದನ್ನು ಬಿಡಿಸಿ. ಅಡ್ಡದಾರಿಯಲ್ಲಿ ಬಿದ್ದವರನ್ನು ಜಾಡು ಹಿಡಿದು ಬರುವವರು ಯಾರೂ ಕಾಣುವುದಿಲ್ಲ.

ತಳ್ಳುಗಾಡಿಯ ತಾಯಿಯ ವಿಷಯ. ನಡೆಯುವವರ ದಾರಿ ಉದ್ದಕ್ಕೂ ಒಂದು ಮೀಟರ್ ಅಗಲವಿದೆಯೇ, ಮೆಟ್ಟಿಲು, ತಿರುಗುಗೇಟು ಇವೆಯೇ ಎಂದು ನೋಡಿಕೊಳ್ಳಿ. ಒಂದು ಕಡೆ ಗಾಡಿ ಎತ್ತಬೇಕಾದರೆ ಎತ್ತಲು ಇಬ್ಬರು ಅಲ್ಲೇ ಇರುವಂತೆ ಮೊದಲೇ ಹೇಳಿಡಿ, ಅವರಾಗಿ ಕರೆಯುವ ಹಾಗೆ ಮಾಡಬೇಡಿ. ಗಾಡಿ ತಳ್ಳಿಕೊಂಡು ಓಡುವ ಆಸೆ ಇದ್ದರೆ ಮಗುವಿಗೆ ಕನಿಷ್ಠ 6 ತಿಂಗಳಾಗಿ ಕತ್ತು ಗಟ್ಟಿಯಾಗಿ ನಿಂತಿರಬೇಕು, ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಬೇಕು. ಮಾಮೂಲಿ ಗಾಡಿಯಲ್ಲಿ ಓಡಬಾರದು. ಓಟಕ್ಕೆಂದೇ ಮಾಡಿದ, ಮುಂದಿನ ಚಕ್ರ ಬಿಗಿಯುವಂಥ, ಕೈಬ್ರೇಕು ಮತ್ತು ಮಣಿಕಟ್ಟಿನ ಪಟ್ಟಿ ಇರುವ ಗಾಡಿಯೇ ಬೇಕು; ಮುಂಚಕ್ರ ತಿರುಗಾಡುತ್ತಿದ್ದರೆ ಓಟದ ವೇಗದಲ್ಲಿ ಸಣ್ಣ ಕಲ್ಲಿಗೂ ಗಾಡಿ ಅಡ್ಡ ಬೀಳುತ್ತದೆ.

ಮುಗಿದ ಮೇಲಿನ ಹದಿನೈದು ನಿಮಿಷಕ್ಕೆ ಜನ ನಿಲ್ಲಬೇಕಾದರೆ ನಿಲ್ಲಲು ಏನಾದರೂ ಇರಬೇಕು. ತಿನ್ನಲು, ಕುಡಿಯಲು ಎಲ್ಲರೂ ಬಂದ ಮೇಲೆಯೇ ತೆರೆಯಿರಿ. ವೃತ್ತಾಕಾರವಾಗಿ ನಿಂತು ಹೊಸಬರ ಹೆಸರು ಹೇಳಿಸಿ, ಮುಂದಿನ ವಾರ ಜಾಡು ಹಾಕುವವರು ಯಾರೆಂದು ಅಲ್ಲೇ ತೀರ್ಮಾನಿಸಿ. ಮೊದಲು ಬಂದವರ ಹೆಸರು ಕೂಗಬೇಡಿ, ಸಮಯ ಬರೆದು ಹಂಚಬೇಡಿ. ಒಮ್ಮೆ ಸಮಯ ಹಂಚಿದಿರೋ, ಮುಂದಿನ ವಾರ ಚೆಕ್‌ನಲ್ಲಿ ಹುಡುಕಲು ಯಾರೂ ಹೋಗುವುದಿಲ್ಲ. ಬೇರೆಯವರು ಹುಡುಕಲಿ ಎಂದು ವೃತ್ತದ ಪಕ್ಕದಲ್ಲೇ ಕಾದು ನಿಲ್ಲುತ್ತಾರೆ.

ಇಂಥ ಕೂಟಗಳು ನಿಲ್ಲುವುದು ಜನ ಕಡಿಮೆಯಾಗಿ ಅಲ್ಲ, ಜಾಡು ಹಾಕುವ ಒಬ್ಬರೇ ದಣಿದು. 12 ಮನೆಗಳಿವೆ, ಪಾಳಿ ಮಾಡಿ. ಈ ವಾರ ಎರಡನೆಯವರಾಗಿ ಹಿಟ್ಟಿನ ಚೀಲ ಹಿಡಿದವರು ಮುಂದಿನ ವಾರ ಮುಖ್ಯಸ್ಥರು, ಅವರ ಜೊತೆಗೆ ಇನ್ನೊಂದು ಮನೆಯ ಹೊಸಬರು. ಹೀಗೆ ಮೂರು ತಿಂಗಳಲ್ಲಿ ಎಲ್ಲ ಮನೆಯವರಿಗೂ ಕೈ ಪಳಗುತ್ತದೆ. ನಡೆಯುವವರೂ ಜಾಡು ಹಾಕಲಿ. ಓಡುವವರಿಗಿಂತ ಅವರೇ ಚೆಕ್‌ಗಳನ್ನು ಸರಿಯಾದ ಜಾಗದಲ್ಲಿ ಇಡುತ್ತಾರೆ, ಏಕೆಂದರೆ ಹಿಂದಿನಿಂದ ಗುಂಪು ಹೇಗೆ ಕಾಣುತ್ತದೆ ಎಂದು ಅವರಿಗೆ ಗೊತ್ತು.

ಇನ್ನು ಮಳೆ. ತುಂತುರಿಗೆ ಹಿಟ್ಟು ಹೋಗುವುದಿಲ್ಲ. ಅಂಟಾಗಿ ನೆಲಕ್ಕೆ ಕಚ್ಚಿಕೊಂಡು ಒಂದೆರಡು ಗಂಟೆ ಉಳಿಯುತ್ತದೆ. ಜೋರು ಮಳೆಗೆ ಹತ್ತು ನಿಮಿಷದಲ್ಲಿ ತೊಳೆದುಹೋಗುತ್ತದೆ. ಮೋಡ ಕಟ್ಟಿದ್ದರೆ ಗುರುತಿನ ಅಂತರವನ್ನು ಅರ್ಧಕ್ಕಿಳಿಸಿ, ಮರದ ಬುಡದಲ್ಲಿ ಮಳೆ ನೇರವಾಗಿ ಬೀಳದ ಬದಿಗೆ, ಕಲ್ಲಿನ ಚಾಚಿನ ಕೆಳಗೆ ಹಾಕಿ. ಗಟ್ಟಿ ನೆಲದ ಮೇಲಿನ ಚಿಹ್ನೆಗಳನ್ನು ಒಣಗಿದ್ದಾಗಲೇ ದಪ್ಪ ಸೀಮೆಸುಣ್ಣದಲ್ಲಿ ಒತ್ತಿ ಬರೆಯಿರಿ, ಹಿಟ್ಟಿಗಿಂತ ತುಸು ಹೆಚ್ಚು ತಾಳುತ್ತದೆ. ಮಣ್ಣುದಾರಿಯಲ್ಲಿ ಮರದ ಹೊಟ್ಟು ಚೆಲ್ಲಬಹುದು. ಅಂಥ ದಿನ ಸುಳ್ಳುಜಾಡು ಹಾಕಬೇಡಿ. ಮಳೆಗೆ ಅಳಿಸಿದ ನಿಜವಾದ ಜಾಡಿಗೂ ಸುಳ್ಳುಜಾಡಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಅಡ್ಡಗೆರೆ ತೊಳೆದುಹೋಗಿದ್ದರೆ ಮಗುವೊಂದು ಅದರಲ್ಲೇ ಮುಂದಕ್ಕೆ ಹೋಗುತ್ತದೆ. ಜಾಡು ಹಾಕಿದ ಇಬ್ಬರೂ ಆ ದಿನ ಹಿಟ್ಟಿನ ಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೊತೆಗಿಟ್ಟುಕೊಂಡು, ಒಬ್ಬರು ಓಡುವವರ ಮುಂದೆ, ಒಬ್ಬರು ನಡೆಯುವವರ ಮುಂದೆ ಹೋಗಲಿ, ಅಳಿಸಿದ ಕಡೆ ಮತ್ತೆ ಹಾಕುತ್ತಾ. ಆಗ ಕಡೆಯಾಳಿನ ಕೆಲಸವನ್ನು ಬೇರೊಬ್ಬರಿಗೆ ವಹಿಸಬೇಕು, ಖಾಲಿ ಬಿಡಬಾರದು. ಗುಡುಗು ಕೇಳಿಸಿತೆಂದರೆ ಯಾವ ಲೆಕ್ಕವೂ ಬೇಡ: ಬಯಲಲ್ಲಿ, ಒಂಟಿಮರದ ಕೆಳಗೆ ನಿಲ್ಲದೆ ಎಲ್ಲರೂ ಹತ್ತಿರದ ಗಟ್ಟಿ ಕಟ್ಟಡಕ್ಕೆ ಸೇರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು.